ಹಗೇವಿನೊಳಗೆ ಆರದ ಕಂದೀಲು

ಕುನಾಲ ಏಕಸಂಬಿಗೆ ಬಂದಾಗ ಸುಗಂಧಾ ಅಕ್ಕೋರು ಕಟ್ಟೆಯ ಮೇಲೆ ಕೂತು ಹೆಸರುಕಾಳು ಆರಿಸುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಅವರ ಬಳಿಗೆ ಸುತ್ತಲಿನವರು ಬಿಡಿಸಲಾಗದ ಗಂಟುಗಳನ್ನು ತರುವುದು ರೂಢಿಯಾಗಿತ್ತು. ನಾನು ಅವರ ಹಳೆಯ ವಿದ್ಯಾರ್ಥಿ. ಪದವಿ ಮುಗಿಸಿ ಏನೂ ಮಾಡದೆ ಉಳಿದವನಿಗೆ ಅವರನ್ನು ಬೈಕಿನಲ್ಲಿ ಕರೆದೊಯ್ಯುವುದೇ ಒಂದು ಕೆಲಸವಾಗಿತ್ತು.

ಕುನಾಲನ ತಂದೆ ಧೂಳಪ್ಪ ಹಿಂದಿನ ದಿನ ಅಲಖನೂರಿನಲ್ಲಿ ಸಾವಕಾರ ಈಶ್ವರನ ಹಗೇವಿನಲ್ಲಿ ಸತ್ತಿದ್ದ. ಹಗೇವೆಂದರೆ ಅಂಗಳದ ನೆಲದೊಳಗಿನ ಕಣಜ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಆ ಮನೆಯ ಆಳಾಗಿದ್ದ ಧೂಳಪ್ಪ ಜೋಳ ತೆಗೆಯಲು ಇಳಿದವನು ಮೇಲೆ ಬರಲಿಲ್ಲ. ಬಾಯಲ್ಲಿ ನೊರೆಯಿತ್ತು. ಇಳಿಯುವ ಮೊದಲು ಅವನು ಸೊಸೆ ಮಯೂರಿ ತಂದ ರೊಟ್ಟಿ ತಿಂದಿದ್ದ.

"ರೊಟ್ಟ್ಯಾಗ ಇಸಾ ಹಾಕ್ಯಾಳ ಅನ್ನಾಕತ್ತಾರ್ರಿ ಅಕ್ಕೋರ," ಎಂದ ಕುನಾಲ. "ಸಂಜಿಗೆ ಪೊಲೀಸ ಫೌಜದಾರ ಬಂದು ಆಕೀನ ಒಯ್ತಾರಂತ. ಆಕೀ ಹೊಟ್ಯಾಗ ನನ್ನ ಕೂಸೈತಿ."

ಅಕ್ಕೋರು ಮೊರ ಕೆಳಗಿಟ್ಟು ಚಪ್ಪಲಿ ಹುಡುಕಿದರು.

ಅಲಖನೂರಿನಲ್ಲಿ ಈಶ್ವರನ ಅಂಗಳದಲ್ಲಿ ಹುಳಿಹೆಂಡದಂಥ ವಾಸನೆ ಇತ್ತು. ಹೆಣ ತೆಗೆದವರು ಹೇಸಿಕೊಂಡು ಹಗೇವಿನ ಬಾಯಿಗೆ ಮತ್ತೆ ಕಲ್ಲು ಎಳೆದಿದ್ದರು. ಸತ್ತವನನ್ನು ತೆಗೆದ ಜಾಗದ ಪಕ್ಕದಲ್ಲೇ ಮಂದಿ ಚಹಾ ಕುಡಿಯುತ್ತ, ಮಯೂರಿ ಮಾವನೊಡನೆ ಎಷ್ಟು ಸಲ ಜಗಳಾಡಿದ್ದಳೆಂದು ಎಣಿಸುತ್ತಿದ್ದರು. ನನಗೆ ಆ ವಾಸನೆಗಿಂತ ಆ ಚಹಾ ಸೊರ್ರೆಂದು ಹೀರುವ ಸದ್ದು ಹೆಚ್ಚು ಅಸಹ್ಯವಾಯಿತು.

ಈಶ್ವರ ಸಮಾಧಾನವಾಗಿಯೇ ಹೇಳಿದ. ಕಲ್ಲು ಮುಚ್ಚಿ ಮೂರು ತಿಂಗಳಾಗಿತ್ತು, ನಡುವೆ ಯಾರೂ ಮುಟ್ಟಿಲ್ಲ. ನಿನ್ನೆ ಕಲ್ಲು ತೆಗೆದ ಕೂಡಲೇ ಹಿರಿಯರ ರೂಢಿಯಂತೆ ಮೊದಲು ಕಂದೀಲು ಇಳಿಬಿಟ್ಟ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ, ಆರದಿದ್ದರೆ ಮನುಷ್ಯ ಇಳಿಯಬಹುದು. ದೀಪ ತಳದವರೆಗೂ ಉರಿಯುತ್ತಲೇ ಇತ್ತು, ಹತ್ತು ಮಂದಿ ನೋಡಿದ್ದಾರೆ. ಅವನ ತಾಯಿ ಅಕ್ಕವ್ವ ಹೌದೆಂದು ತಲೆಯಾಡಿಸಿದಳು. ಆ ಕಂದೀಲು ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಅಕ್ಕೋರು ಅದನ್ನು ಕೈಗೆ ತೆಗೆದುಕೊಂಡು, ನೋಡಿ, ತಿರುಗಿ ಗೂಟಕ್ಕೆ ಹಾಕಿದರು.

ಧೂಳಪ್ಪನನ್ನು ಎತ್ತಲು ಹೋದವನು ಪಕ್ಕದ ಹೊಲದ ಭರತ. ಅರ್ಧ ಇಳಿದವನೇ ಕಣ್ಣು ಕತ್ತಲೆ ಬಂದು, ಮೇಲೆ ಹತ್ತಿ ವಾಂತಿ ಮಾಡಿದ್ದ. ಕಡೆಗೆ ಕೊಕ್ಕೆ ಹಾಕಿ ಹೆಣ ಎಳೆದರು.

"ಹೆಣಾ ನೋಡಿ ಹೇಸ್ಯಾನ ಅಂತ ನಗಾಕತ್ತಾರ್ರಿ," ಎಂದ ಭರತ. "ನಾ ಹೆಣದ ತನಕಾ ಮುಟ್ಟೇ ಇಲ್ಲ."

ಮಯೂರಿ ಹಿತ್ತಲ ಗೋಡೆಗೆ ಒರಗಿ ಕೂತಿದ್ದಳು. ನಿನ್ನೆ ನಡೆದುದನ್ನೆಲ್ಲ ಹೇಳೆಂದು ಅಕ್ಕೋರು ಕೇಳಿದರು. ಮಾವ ರೊಟ್ಟಿ ತಿಂದ, ಸಾವಕಾರ ಕಂದೀಲು ಮೇಲೆಳೆದ, ಮಾವ ಇಳಿದ ಎಂದಳು.

"ಕಂದೀಲ ಯಾರ ಎತ್ತಿಟ್ರು?"

"ನಾನ ರಿ. ಮಾವಗ ಅಡ್ಡ ಆಗ್ತೈತಂತ ಗಾಜ ಹಿಡದು ಬಾಜೂಕ ಸರಿಸಿದೆ. ಸಾವಕಾರ ಸಿಟ್ಟಿಲೆ ಕಸಗೊಂಡು ಒಯ್ದ್ರು."

ಅಕ್ಕೋರು ಅವಳ ಬಲ ಅಂಗೈ ತಿರುವಿ ನೋಡಿದರು. ಆಮೇಲೆ ನನ್ನಿಂದ ಕಲ್ಲು ತೆಗೆಸಿ, ಹಗ್ಗಕ್ಕೆ ಕೊಡ ಕಟ್ಟಿ ಒಂದಿಷ್ಟು ಜೋಳ ಎತ್ತಿಸಿ, ಮತ್ತೆ ಮುಚ್ಚಿಸಿದರು. ಕಾಳು ಒದ್ದೆ. ಕೈಯಿಟ್ಟರೆ ಬೆಚ್ಚಗೆ, ಜ್ವರ ಬಂದವರ ಮೈಯಂತೆ. ಪ್ರತಿ ಕಾಳಿನ ತುದಿಯಲ್ಲೂ ಎಳ್ಳಿನಷ್ಟು ಬಿಳಿ ಮೊಳಕೆ. ನಾನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಸಂಜೆ ಫೌಜದಾರರು ಬಂದಾಗ ಅಕ್ಕೋರು ಎಲ್ಲರನ್ನೂ ಅಂಗಳದಲ್ಲಿ ಕೂರಿಸಿದರು. ಈಶ್ವರ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದ.

ಕಾಳಿಗೂ ಜೀವವಿದೆ ಎಂದು ಅಕ್ಕೋರು ಶುರು ಮಾಡಿದರು. ಅದರ ಒಂದೊಂದು ಜೀವಕೋಶವೂ ನಮ್ಮ ಹಾಗೆಯೇ ಉಸಿರಾಡುತ್ತದೆ. ಗಾಳಿಯ ಆಮ್ಲಜನಕದಿಂದ ಒಳಗಿನ ಸಕ್ಕರೆಯನ್ನು ಕರಗಿಸಿ ಶಕ್ತಿ ಪಡೆಯುತ್ತದೆ. ಇಂಗಾಲದ ಡೈಆಕ್ಸೈಡನ್ನೂ ಒಂದಿಷ್ಟು ಕಾವನ್ನೂ ಹೊರಗೆ ಬಿಡುತ್ತದೆ. ಒಣಗಿದ ಕಾಳಿನ ಉಸಿರು ಬಲು ಮೆಲ್ಲಗೆ. ನೀರು ತಾಗಿದರೆ ಮೊಳೆಯಲು ಶಕ್ತಿ ಬೇಕಾಗಿ ಉಸಿರು ನೂರು ಪಟ್ಟು ಏರುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಒಂದೆರಡು ದಿನದಲ್ಲೇ ತೀರುತ್ತದೆ. ಆಮೇಲೆ ಗಾಳಿಯಿಲ್ಲದೆಯೇ ಸಕ್ಕರೆ ಒಡೆದು ಬದುಕಲು ನೋಡುತ್ತದೆ; ಶಕ್ತಿ ಅತ್ಯಲ್ಪ, ಉಳಿಯುವುದು ಆ ಹೆಂಡದ ವಾಸನೆ.

"ಈ ಮೊಳಕಿ ನೋಡ್ರಿ. ಎಲ್ಲಾ ಎಳ್ಳಿನಷ್ಟ ಆಗಿ ನಿಂತಾವ. ಎಲ್ಲಾ ಕಾಳೂ ಒಮ್ಮೆಗೇ ಉಸಿರುಗಟ್ಟ್ಯಾವ. ಅದೇ ಗಾಳಿಯೊಳಗ ಧೂಳಪ್ಪ ಇಳದ. ಎರಡ ಉಸಿರಿಗೆ ಮನಶ್ಯಾ ಬೀಳ್ತಾನ, ಬಾಯಾಗ ನೊರಿ ಬರಬಹುದು. ಭರತ ಅರ್ಧಕ್ಕ ಹೊಳ್ಳಿದ್ದಕ್ಕ ಉಳದ."

"ಕಂದೀಲ ಆರಲಿಲ್ಲಲ್ಲ?" ಎಂದರು ಫೌಜದಾರರು.

ಅಕ್ಕೋರು ಗೂಟದ ಕಂದೀಲನ್ನು ಅವರ ಕೈಗಿಟ್ಟರು. ಬತ್ತಿ ಒಣಗಿತ್ತು. ಗಾಜಿನೊಳಗೆ ಜೇಡರ ಬಲೆ, ಅದರಲ್ಲೊಂದು ಒಣಗಿದ ನೊಣ. ನಿನ್ನೆ ಉರಿದ ಕಂದೀಲು ಅದಾಗಿರಲಿಲ್ಲ. ಆಮೇಲೆ ಬಲೆ ತೆಗೆದು, ಭರತನ ಮನೆಯ ಸೀಮೆಎಣ್ಣೆ ಹಾಕಿ ಹಚ್ಚಿ, ಕಲ್ಲು ತೆಗೆಸಿ ಹಗೇವಿಗೆ ಇಳಿಬಿಟ್ಟರು. ಎರಡು ಮೊಳ ದಾಟಿದ ಕೂಡಲೇ ದೀಪ ಆರಿತು. ಅದೇ ಹಗ್ಗಕ್ಕೆ ನನ್ನ ಬ್ಯಾಟರಿ ಟಾರ್ಚು ಕಟ್ಟಿ ಬಿಟ್ಟರು. ಅದು ತಳದ ಜೋಳದ ಮೇಲೆ ಬೆಳಗುತ್ತಲೇ ಇತ್ತು.

"ಉರಿಯೋ ಕಂದೀಲಿನ ಗಾಜ ಹಿಡದ್ರ ಕೈ ಸುಡಬೇಕು. ಮಯೂರಿ ಅಂಗೈ ಮ್ಯಾಲೆ ಒಂದ ಗುಳ್ಳಿ ಇಲ್ಲ. ಹಬ್ಬಕ್ಕ ಮಿರಜದಾಗ ಸೆಲ್ಲಿನ ಕಂದೀಲ ಮಾರ್ತಾರ, ಥೇಟ್ ಉರಿ ಅಳ್ಳಾಡಿದಂಗ ಕಾಣತೈತಿ. ಹಗಲ ಬೆಳಕಿನ್ಯಾಗ ಯಾರು ಬಗ್ಗಿ ನೋಡ್ತಾರ? ಈ ಮೂರ ತಿಂಗಳ ಹನಿ ಮಳಿ ಇಲ್ಲ. ನೀರು ತಾನಾಗಿ ಹೊಕ್ಕಿಲ್ಲ, ಹೊಯ್ದಾರ."

ಅಡಿಕೆ ಕತ್ತರಿ ನಿಂತಿತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಈಶ್ವರ ಬಾಂದುಗಲ್ಲನ್ನು ಭರತನ ಹೊಲದೊಳಗೆ ಸರಿಸಿದ್ದನ್ನು ಧೂಳಪ್ಪ ಕಂಡಿದ್ದ. ಸೋಮವಾರ ರಾಯಬಾಗ ಕೋರ್ಟಿನಲ್ಲಿ ಸಾಕ್ಷಿ ಹೇಳುವವನಿದ್ದ. ಟ್ರ್ಯಾಕ್ಟರಿನ ಸಾಮಾನು ಪೆಟ್ಟಿಗೆಯಲ್ಲಿ ಪೇದೆಗಳಿಗೆ ಆ ಸೆಲ್ಲಿನ ಕಂದೀಲು ಸಿಕ್ಕಿತು.

"ಇಪ್ಪತ್ತ ವರ್ಷ ನನ್ನ ರೊಟ್ಟಿ ತಿಂದು ನನ್ನ ಮ್ಯಾಲೆ ಸಾಕ್ಷಿ ಹೇಳಾವ ಇದ್ದ," ಎಂದ ಈಶ್ವರ. ತಪ್ಪು ಧೂಳಪ್ಪನದೇ ಎಂಬಂತಿತ್ತು ಆ ದನಿ.

ಈಶ್ವರನನ್ನು ಹತ್ತಿಸಿಕೊಂಡು ಜೀಪು ಹೋಯಿತು. ಬೆಳಗ್ಗೆಯೆಲ್ಲ ವಿಷದ ಮಾತಾಡಿದವರು ಈಗ ತಮಗೆ ಮೊದಲೇ ಸಂಶಯವಿತ್ತೆನ್ನುತ್ತ ಎದ್ದರು. ಮಯೂರಿಯ ಕಡೆ ಯಾರೂ ನೋಡಲಿಲ್ಲ. ಅಕ್ಕವ್ವ ಮಾತ್ರ ಬಂದು, ಆಗಿದ್ದು ಆತು, ನಾಳೆಯಿಂದ ದನದ ಕೆಲಸಕ್ಕೆ ಬಾ ಎಂದಳು.

ಮಯೂರಿ ಗೋಡೆ ಹಿಡಿದು ಎದ್ದು ನಿಂತಳು.

"ಅವ್ವಾರ, ನಿನ್ನಿ ಎಲ್ಲಾರ ಮುಂದ ನನ್ನ ಮಾರಿಗೆ ಉಗುಳಿದ್ರಿ. ಮೊದಲ ಅದನ್ನ ಒರಸ್ರಿ."

ಅಕ್ಕವ್ವನ ಕೈ ಸೆರಗಿನ ತನಕ ಹೋಗಿ ಅಲ್ಲೇ ನಿಂತಿತು. ಅವಳು ಸುತ್ತ ನೋಡಿದಳು. ಹೋಗುತ್ತಿದ್ದ ಮಂದಿ ನಿಂತಿದ್ದರು. ಮಯೂರಿ ಮುಖ ಮುಂದೆ ಚಾಚಿ ಕಾದಳು. ಅಕ್ಕೋರು ನನ್ನ ತೋಳು ಹಿಡಿದು, ಗಾಡಿ ಈಗಲೇ ಚಾಲೂ ಮಾಡಬೇಡ ಎಂದರು.