ಬಾಟಲಿಯೊಳಗಿನ ಬಿಳಿ ನೀರು

"ಏನ್ರೀ ಮಾಡ್ತಿದ್ದೀರಾ? ಮನುಷ್ಯರೇನ್ರೀ ನೀವು!"

ತರಕಾರಿ ಅಂಗಡಿಯ ಹಿಂದಿನ ಕಸದ ತೊಟ್ಟಿಯ ಮುಂದೆ ಅವನ ಕೈ ಗಕ್ಕನೆ ನಿಂತಿತು. ಕೈಯಲ್ಲಿ ಫಿನಾಯಿಲ್ ಬಾಟಲಿ. ತೊಟ್ಟಿಯ ತುಂಬ ಟೊಮೆಟೊ, ಕ್ಯಾರೆಟ್, ಎಲೆಕೋಸು... ಇನ್ನೆರಡು ದಿನ ಬಾಳುವಂಥವು! ಅವುಗಳ ಮೇಲೆಲ್ಲ ಬೆಳ್ಳಗಿನ ನೀರು ಹರಿಯುತ್ತಿತ್ತು.

ಅವನು ತಿರುಗಿದ. ಆ ಮುಖ ಕೂಗಿದವಳಿಗೆ ಹೊಸದಲ್ಲ.

ಮೂರು ತಿಂಗಳಿಂದ ಅದೇ ಅಂಗಡಿಯೊಳಗೆ, "ಇವತ್ತೇ ಬೇಯಿಸೋದಾದ್ರೆ ಇದನ್ನ ತಗೊಳ್ಳಿ, ಅರ್ಧ ಬೆಲೆ. ನಾಳೆಗೆ ತೊಟ್ಟಿ ಪಾಲು," ಎಂದು ಬಾಡತೊಡಗಿದ ಬೀನ್ಸನ್ನು ಅವಳ ಚೀಲಕ್ಕೆ ತುಂಬುತ್ತಿದ್ದವನು ಇವನೇ. ಬೀನ್ಸಿಗಿಂತ ಆ ನಗುವಿಗಾಗಿಯೇ ಅವಳು ಹೋಗುತ್ತಿದ್ದಳು, ಸುಳ್ಳೇಕೆ!

ಊರಿಗೆ ನೀರು ಬಿಡುವುದು ಅವಳ ಕೆಲಸ. ತರಕಾರಿ ತೋಟಗಳ ಕಡೆ ವಾಲ್ವ್ ತಿರುಗಿಸಿದರೆ ಬೀದಿಯ ನಲ್ಲಿಗಳು ಮೂರು ದಿನ ಒಣಗುತ್ತಿದ್ದವು. ಖಾಲಿ ಕೊಡ ಹಿಡಿದ ಹೆಂಗಸರು ಅವಳ ಜನ್ಮ ಜಾಲಾಡುತ್ತಿದ್ದರು. ಅಷ್ಟು ಬೈಗುಳ ತಿಂದು ಕೊಟ್ಟ ನೀರೆಲ್ಲ ಈಗ ತೊಟ್ಟಿಯಲ್ಲಿ ಬಿದ್ದಿತ್ತು.

"ಅರ್ಧ ಬೆಲೆ ನಿಲ್ಲಿಸಿಬಿಟ್ರು. ಉಳಿದದ್ದನ್ನ ಯಾರೂ ಬಿಟ್ಟಿ ಒಯ್ಯಬಾರದು ಅಂತ ಮ್ಯಾನೇಜರ್ ಆರ್ಡರ್," ಎಂದ ಅವನು. ಗೋಡೆಯ ಕ್ಯಾಮೆರಾದತ್ತ ಒಮ್ಮೆ ನೋಡಿ ದನಿ ತಗ್ಗಿಸಿದ. "ಬೇಕಾದ್ರೆ ತಗೊಂಡ್ಹೋಗಿ... ತೊಳೆದು ತಿಂದ್ರೆ ಏನೂ ಆಗಲ್ಲ."

"ವಿಷ ತಿನ್ನು ಅಂತೀರಾ ನನಗೆ?!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ನಿಲ್ಲಲಿಲ್ಲ.

ಅಂದೇ ಆರೋಗ್ಯ ಇಲಾಖೆಗೆ ದೂರು ಬರೆದಳು. ಬರೆಯುತ್ತ ಅತ್ತಳು. 'ಇಂಥವನನ್ನಾ ನಾನು...'

ವಾರ ಕಳೆದ ಮೇಲೆ, ಅಂಗಡಿಯ ಹಿಂದೆ ಕಸ ಗುಡಿಸುವ ಅಜ್ಜಿ ಅವಳನ್ನು ತಡೆದು ನಿಲ್ಲಿಸಿದಳು.

"ದೂರು ಕೊಟ್ಟೋಳು ನೀನೇನಾ ತಾಯಿ? ಅಧಿಕಾರಿ ಬಂದು ಬಾಟಲಿ ಮುಚ್ಚಳ ತೆಗೆದು ಮೂಸಿದ, ನಕ್ಕುಬಿಟ್ಟ. ಅದರಲ್ಲಿ ಫಿನಾಯಿಲ್ ಎಲ್ಲಿತ್ತು? ಆ ಹುಡುಗನ ಅಮ್ಮ ಅಕ್ಕಿ ತೊಳೆದ ನೀರು! ನಮ್ಮ ಬೀದಿ ಮೂವತ್ತು ಮನೆ ಆ ತರಕಾರೀನೇ ತಿಂತಿದ್ವಿ. ಅಧಿಕಾರಿ ನಕ್ಕ, ಮ್ಯಾನೇಜರ್ ನಗಲಿಲ್ಲ. ಅವತ್ತೇ ಆ ಹುಡುಗನ್ನ ಮನೆಗೆ ಕಳಿಸ್ದ. ಈಗ ಸುರಿಯೋದು ಅಸಲಿ ಫಿನಾಯಿಲ್."

ಅವಳು ಮತ್ತೆ ದೂರು ಬರೆದಳು. 'ಈಗಾಗಲೇ ಪರಿಶೀಲಿಸಲಾಗಿದೆ' ಎಂಬ ಒಂದೇ ಸಾಲಿನ ಉತ್ತರ ಬಂತು.

ಹುಡುಕಿ ಹುಡುಕಿ ಕೊನೆಗೆ ಅವನು ಸಿಕ್ಕಿದ್ದು ಕಾರು ತೊಳೆಯುವ ಶೆಡ್ಡಿನಲ್ಲಿ. ಮೊಣಕಾಲವರೆಗೆ ಒದ್ದೆಯಾಗಿದ್ದ. ಹೊಳೆಯುವ ಕಾರಿಗೆ ಪೈಪು ಹಿಡಿದಿದ್ದ.

"ನೋಡಿ, ನಾನೂ ನಿಮ್ಮ ಹಾಗೆ ನೀರು ಬಿಡೋನಾದೆ," ಎಂದ. ಆ ನಗು ಇರಲಿಲ್ಲ.

"ಕ್ಷಮಿಸಿ ಅನ್ನೋಕೂ ಮುಖ ಇಲ್ಲ ನನಗೆ..."

"ಮೂರು ತಿಂಗಳು ನೋಡಿದ್ರಲ್ಲ ನನ್ನ. ಒಂದು ಮಾತು ಕೇಳಬಾರದಿತ್ತಾ?"

"ನಿಮ್ಮನ್ನ ಇಷ್ಟಪಟ್ಟಿದ್ದೆ. ಅದಕ್ಕೇ ಅಷ್ಟು ಕೋಪ ಬಂತು. ಬೇರೆ ಯಾರೋ ಆಗಿದ್ರೆ ಬೈದು ಮನೆಗೆ ಹೋಗ್ತಿದ್ದೆ."

ಅವನು ಪೈಪು ಕೆಳಗಿಟ್ಟ. ನೀರು ಸುಮ್ಮನೆ ಚರಂಡಿಗೆ ಹೋಗುತ್ತಿತ್ತು. ತಡೆಯಲಾಗದೆ ಅವಳು ನಲ್ಲಿಗೆ ಕೈ ಹಾಕಿದಳು. ಅವನ ಕೈಯೂ ಆಗಲೇ ಅಲ್ಲಿತ್ತು. ಇಬ್ಬರೂ ಸೇರಿ ನಿಲ್ಲಿಸಿದರು.

"ನಾನೂ ದಿನಾ ನಿಮ್ಮ ದಾರಿ ನೋಡ್ತಿದ್ದೆ," ಎಂದ ಮೆಲ್ಲಗೆ. "ಆದ್ರೆ ಆ ಮೂವತ್ತು ಮನೆ ನೆನಪಾದ್ರೆ ನಿಮ್ಮ ಮೇಲೆ ಈಗ್ಲೂ ಸಿಟ್ಟು ಬರುತ್ತೆ. ಅದು ಬೇಗ ಹೋಗಲ್ಲ."

"ಬೈಯಿರಿ. ಬೈಸಿಕೊಂಡು ನನಗೆ ಅಭ್ಯಾಸ ಇದೆ."

"ದಿನಾ ಬೈದ್ರೆ?"

"ದಿನಾ ಬರ್ತೀನಿ."