ಮಣ್ಣಿನ ಗುಬ್ಬಿ

"ಸತ್ತವರ ಗೊಂಬೆ ನಾನು ಮಾಡೋದಿಲ್ಲ. ಬೇರೆ ಯಾರನ್ನಾದರೂ ನೋಡ್ಕೊಳ್ಳಿ!"

ಶಿಲ್ಪಿ ತಲೆ ಎತ್ತದೆ ಹೇಳಿಬಿಟ್ಟ.

ಬಾಗಿಲಲ್ಲಿ ದರ್ಜಿ ನಿಂತಿದ್ದಳು. ಅವಳು ಎದೆಗೊತ್ತಿಕೊಂಡಿದ್ದ ಚೀಲದಲ್ಲಿ ಒಂದು ಫ್ರಾಕು, ಒಂದು ಫೋಟೋ. ತಂಗಿ ಗುಬ್ಬಿ ಬಿಟ್ಟುಹೋದದ್ದು ಅಷ್ಟೇ. ತಾಯಿ ತೀರಿಕೊಂಡ ಮೇಲೆ ಇವಳೇ ಎತ್ತಿ ಆಡಿಸಿ ಬೆಳೆಸಿದ ಮಗು... ಒಂಬತ್ತು ತುಂಬುವಷ್ಟರಲ್ಲಿ ಜ್ವರ ಬಂದು ಹೋಗಿಬಿಟ್ಟಿತ್ತು.

"ಯಾಕೆ ಮಾಡೋದಿಲ್ಲ?"

"ಅತ್ತು ಕರೆದು ಮಾಡಿಸ್ತಾರೆ. ಆಮೇಲೆ ನೋಡೋಕಾಗಲ್ಲ ಅಂತ ಇಲ್ಲೇ ಬಿಟ್ಟು ಹೋಗ್ತಾರೆ."

"ನಾನು ಬಿಟ್ಟು ಹೋಗೋಳಲ್ಲ ರೀ!"

ಒಳಗಿನಿಂದ ಅವನ ಸೋದರತ್ತೆಯ ದನಿ ಬಂತು. "ಆ ಹುಡುಗೀನ ಮೊದಲು ಕೂರಿಸೋ ಮಾರಾಯ! ಇಷ್ಟು ವರ್ಷ ಮಣ್ಣು ನಾದಿದೆ, ನೀನು ಮಾತ್ರ ಒಂಚೂರೂ ಮೆತ್ತಗಾಗಲಿಲ್ಲ."

ಅವನು ಕೈ ಒರೆಸಿಕೊಂಡು ಫೋಟೋ ತೆಗೆದುಕೊಂಡ. ಬಹಳ ಹೊತ್ತು ನೋಡಿದ.

"ನಗುವಾಗ ಯಾವ ಕೆನ್ನೆ ಮೊದಲು ಏಳ್ತಿತ್ತು?"

"ಎಡಗಡೇದು..." ಎನ್ನುತ್ತಲೇ ಅವಳಿಗೆ ಅಳು ಬಂತು. ಸತ್ತ ಮೇಲೆ ಗುಬ್ಬಿಯ ನಗುವಿನ ಬಗ್ಗೆ ಕೇಳಿದವನು ಅವನೊಬ್ಬನೇ!

"ಫೋಟೋ ಸಾಲದು. ದಿನಾ ಬಂದು ಅವಳ ವಿಷಯ ಹೇಳಿ," ಎಂದ ಶಿಲ್ಪಿ.

ಅಂದಿನಿಂದ ಅವಳು ಸಂಜೆ ಅಂಗಡಿ ಮುಚ್ಚಿ ನೇರವಾಗಿ ಅಲ್ಲಿಗೆ ಬರತೊಡಗಿದಳು. ಅವಳು ಹೇಳುವಳು, ಅವನ ಬೆರಳು ಕೇಳುವುದು. ಒಂದು ದಿನ ಯಾರಿಗೂ ಹೇಳದ ಮಾತೂ ಬಾಯಿಗೆ ಬಂತು.

"ಜ್ವರ ಬಂದ ದಿನ ಶಾಲೆಯ ಸಮವಸ್ತ್ರ ಹೊಲಿದು ಕೊಡೋದಿತ್ತು. ಆಸ್ಪತ್ರೆಗೆ ನಾಳೆ ಹೋಗೋಣ ಪುಟ್ಟಾ ಅಂದೆ... ನಾನೇ ತಡ ಮಾಡಿದೆ..."

ಅವನು ಸಮಾಧಾನ ಹೇಳಲಿಲ್ಲ. ಕೈ ತೊಳೆದು ಬಂದು ಸುಮ್ಮನೆ ಪಕ್ಕದಲ್ಲಿ ಕೂತ. ದೇವರು ಸಂತೈಸಲು ಕಳಿಸುವವರು ಎಲ್ಲರೂ ಮಾತಾಡುವವರೇ ಆಗಿರುವುದಿಲ್ಲ.

'ಇವನ ಪಕ್ಕದಲ್ಲಿ ಉಸಿರು ಸಲೀಸಾಗಿ ಆಡುತ್ತದಲ್ಲಾ!' ಎಂದುಕೊಂಡು ಅವಳು ತನ್ನ ಯೋಚನೆಗೆ ತಾನೇ ಬೆಚ್ಚಿದಳು.

ಕೊನೆಗೆ ಗುಬ್ಬಿ ಸಿದ್ಧಳಾದಳು. ಕಾಲು ಚಾಚಿ, ತಲೆ ವಾಲಿಸಿ, ಈಗಲೋ ಆಗಲೋ "ಅಕ್ಕಾ" ಎನ್ನುವ ಹಾಗೆ! ಮರುದಿನ ಭಟ್ಟಿಯಲ್ಲಿ ಸುಡುವುದು.

ಶಿಲ್ಪಿ ಒಳಗೆ ಹೋಗಿದ್ದಾಗ ಅವಳು ಬೊಂಬೆಯ ಜಡೆಯನ್ನು ಸವರಿದಳು. ಕೆಳಗೆ, ಕತ್ತಿನಲ್ಲಿ, ಬಟಾಣಿಯಷ್ಟು ದೊಡ್ಡ ತೂತು.

'ಅಯ್ಯೋ, ಇದೊಂದು ಹಾಗೇ ಉಳಿದುಬಿಟ್ಟಿದೆಯಲ್ಲ!'

ಗುಬ್ಬಿಯ ಫ್ರಾಕಿನಲ್ಲಿ ತೂತು ಕಂಡರೆ ಆ ಗಳಿಗೆಯಲ್ಲೇ ಹೊಲಿದು ರೂಢಿಯಾದ ಕೈ. ಚಿಟಿಕೆ ಹಸಿ ಮಣ್ಣು ತುಂಬಿ ಬೆರಳಿನಿಂದ ಒತ್ತಿ ನುಣುಪು ಮಾಡಿದಳು. ಇಷ್ಟು ಸಣ್ಣದನ್ನು ಹೇಳುವುದೇನು ಎಂದು ಹೇಳಲೂ ಇಲ್ಲ.

ಮೂರನೆಯ ದಿನ ಬಂದಾಗ ಭಟ್ಟಿ ತೆರೆದಿತ್ತು. ಒಳಗೆ ಬರೀ ಚೂರುಗಳು.

"ಒಡೆದುಹೋಯ್ತು," ಎಂದ ಶಿಲ್ಪಿ. ಮುಖ ಬಿಳಿಚಿತ್ತು. "ನನ್ನದೇ ತಪ್ಪು."

"ತಪ್ಪಾ? ಒಂದು ಸಲ ಕಳ್ಕೊಂಡಿದ್ದೆ... ಇನ್ನೊಂದು ಸಲ ನೀವು ಕೊಂದ್ರಿ! ಇನ್ನು ನಿಮ್ಮ ಮುಖ ನೋಡಲ್ಲ!"

ಅವನು ತಲೆ ತಗ್ಗಿಸಿದ.

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಸೋದರತ್ತೆ ದರ್ಜಿಯ ಅಂಗಡಿಗೆ ಬಂದು ರವಿಕೆ ಮುಂದಿಟ್ಟರು.

"ತೋಳು ಬಿಗಿ ಆಗಿದೆ, ಸಡಿಲ ಮಾಡಮ್ಮ. ಅವನು ಊಟ ಬಿಟ್ಟ, ಅವನ ಪಾಲೂ ನಾನೇ ತಿಂದು ಹೀಗಾಗಿದೀನಿ!" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಮಣ್ಣನ್ನೂ ಮುಟ್ಟಲ್ಲ. ಒಳಗೆ ಟೊಳ್ಳಿರೋ ಬೊಂಬೆಗೆ ಉಗಿ ಹೋಗೋಕೆ ಒಂದು ತೂತು ಬೇಕೇ ಬೇಕು, ಇಲ್ದಿದ್ರೆ ಸಿಡಿಯುತ್ತೆ ಅಂತ ನನ್ನಂಥ ಮುದುಕಿಗೂ ಗೊತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋನು, ತೂತು ಬಿಡೋದೇ ಮರೆತೆ ಅಂತಾನಲ್ಲಮ್ಮ!"

ಅವಳ ಕೈಯಿಂದ ರವಿಕೆ ಜಾರಿತು.

'ತೂತು... ನಾನೇ... ನನ್ನ ಕೈಯಾರೆ!'

ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಶಿಲ್ಪಿ ಖಾಲಿ ಮೇಜಿನ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು.

"ಆ ತೂತು ಮುಚ್ಚಿದ್ದು ನಾನು!" ಅವಳು ಬಾಗಿಲಲ್ಲೇ ಕೂತುಬಿಟ್ಟಳು. "ನೀವು ಮರೆತಿರಲಿಲ್ಲ. ನಾನು..."

"ಗೊತ್ತು," ಎಂದ ಅವನು ಮೆಲ್ಲಗೆ. "ಒಂದು ಚೂರಿನ ಮೇಲೆ ನಿಮ್ಮ ಬೆರಳಿನ ಗುರುತಿತ್ತು. ಅಂದೇ ನೋಡಿದೆ."

"ನೋಡಿಯೂ ಬೈಸಿಕೊಂಡ್ರಾ?! ಯಾಕೆ?"

"ಆಸ್ಪತ್ರೆಗೆ ತಡ ಮಾಡಿದೆ ಅಂತ ಈಗಾಗಲೇ ದಿನಾ ಸಾಯ್ತಿದ್ದೀರಿ. ಇದನ್ನೂ ಹೊರಿಸೋಕೆ ಮನಸ್ಸು ಬರಲಿಲ್ಲ. ನನ್ನ ಮೇಲಿನ ಕೋಪವಾದರೆ... ಇಟ್ಕೊಂಡು ಬದುಕಬಹುದು."

ಅವಳು ಮಂಡಿಯ ಮೇಲೆ ತಲೆಯಿಟ್ಟು ಅತ್ತಳು. ಗುಬ್ಬಿಯನ್ನು ಮಣ್ಣಿಗೆ ಕೊಟ್ಟ ದಿನವೂ ಹಾಗೆ ಅತ್ತಿರಲಿಲ್ಲ. ಅವನು ಎದ್ದು ಬಂದು ನೆಲದ ಮೇಲೆ ಎದುರಿಗೆ ಕೂತ.

"ಮುಖ ಸಿಗಲಿಲ್ಲ. ಇದೊಂದು ಉಳೀತು." ಅಂಗೈ ತೆರೆದ. ಪುಟ್ಟ ಪಾದ. ಹೆಬ್ಬೆರಳು ಸ್ವಲ್ಪ ಮೇಲೆದ್ದಿತ್ತು, ಥೇಟ್ ಗುಬ್ಬಿಯದರ ಹಾಗೆ!

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಮತ್ತೆ ಮಾಡ್ತೀರಾ?"

"ಅವಳು ನನ್ನ ಕೈಗೆ ಮತ್ತೆ ಬರಲ್ಲ. ಸುಳ್ಳು ಹೇಳಲಾರೆ." ಅವನ ದನಿ ಒಡೆಯಿತು. "ಆದರೆ ನೀವು ಬರ್ಬೇಕು. ಬೊಂಬೆಗಾಗಿ ಅಲ್ಲ... ನನಗಾಗಿ. ಸಂಜೆ ಆದರೆ ಈ ಬಾಗಿಲು ನೋಡ್ತಾ ಕೂರ್ತೀನಿ."

'ದೇವರೇ, ಕಿತ್ತುಕೊಂಡವನೂ ನೀನೇ... ಇವನನ್ನು ಕೊಟ್ಟವನೂ ನೀನೇ!'

ಅವಳು ಕಣ್ಣೊರೆಸಿಕೊಂಡಳು.

"ಗುಬ್ಬಿಯ ವಿಷಯ ಇನ್ನೂ ಹೇಳೋದಿದೆ."

"ಎಷ್ಟಿದೆ?"

"ತುಂಬಾ... ಇಬ್ಬರೂ ಮುದುಕರಾದರೂ ಮುಗಿಯಲ್ಲ."

ಅವನು ಗೋಡೆಗೆ ಒರಗಿ, ಪಕ್ಕದಲ್ಲಿ ಜಾಗ ಮಾಡಿದ.

"ಬಾ, ಕೂತ್ಕೋ. ಹೇಳು."