ಸೇತುವೆಯ ಮೇಲಿನ ಉಣ್ಣೆಗೊಂಬೆ

"ಮುಟ್ಬೇಡಿ ಡಾಕ್ಟ್ರೇ! ಯಾರದೋ ಕಾಯ್ಲೆ ಇಳಿಸಿ ಇಟ್ಟಿದಾರೆ. ಒಂದ್ಸಲ ಉಗಿದು ಆ ಕಡೆಯಿಂದ ದಾಟಿ."

ನರ್ಸ್ ಗುಲ್ಸುನ್ ಕೂಗುವಷ್ಟರಲ್ಲಿ ಸಿರ್ಗಾಕ್ ಬಗ್ಗಿಯಾಗಿತ್ತು. ನಾರಿನ್ ನದಿಯ ಸೇತುವೆಯ ಮೇಲೆ ಗೇಣುದ್ದದ ಉಣ್ಣೆಗೊಂಬೆ ಬಿದ್ದಿತ್ತು. ಅದರ ಬಲಗೈಗೆ ಕೆಂಪು ನೂಲು. ಕುರಿಕೊಬ್ಬಿನ, ಅರ್ಚಾ ಸೊಪ್ಪಿನ ಹೊಗೆಯ, ಹಳೆಯ ಬೆವರಿನ ವಾಸನೆ.

"ಕಾಯ್ಲೆಗೆ ಕಾಲಿದ್ಯಾ ಗುಲ್ಸುನಕ್ಕ? ನಡ್ಕೊಂಡ್ ಬಂದು ಹತ್ಕೊಳ್ಳತ್ತಾ?"

ಬಿಷ್ಕೆಕ್‌ನಲ್ಲಿ ನರರೋಗಗಳನ್ನು ಓದಿ ಈ ಬೆಟ್ಟದೂರಿನ ಆಸ್ಪತ್ರೆಗೆ ಬಂದು ಅವನಿಗೆ ಎರಡು ತಿಂಗಳಾಗಿತ್ತು. ಜನ ಮೊದಲು ಕಾಯಿಲೆ ಇಳಿಸುವ ಮುದುಕಿ ಬುರುಲ್ಚಾಳ ಮನೆಯ ಹೊಗೆ ಕುಡಿದು, ಆಮೇಲೆ ತನ್ನ ಬಳಿ ಬರುವುದು ಅವನಿಗೆ ಅವಮಾನವಾಗಿತ್ತು. ಗೊಂಬೆಯನ್ನು ಆಸ್ಪತ್ರೆಗೆ ಒಯ್ದು ಮೇಜಿನ ಮೇಲಿಟ್ಟು, ಕಾದು ಕುಳಿತ ರೋಗಿಗಳ ಎದುರಿಗೇ ಅದರ ಬಲಗೈ ಕುಯ್ದ.

"ನೋಡಿ. ಉಣ್ಣೆ, ಒಂದು ಉಗುರು. ನಿಮ್ಮ ಮಾಟ ಇಷ್ಟೇ."

ಯಾರೂ ನಗಲಿಲ್ಲ. ಮುದುಕನೊಬ್ಬ ಕೇಳಿದ: "ಮದ್ವೆ ಆಗಿದ್ಯಾ ಮಗಾ?"

"ಇಲ್ಲ."

"ಒಳ್ಳೇದಾಯ್ತು ಬಿಡು."

ಮೂರನೆಯ ದಿನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಚರ್ಮದಡಿಯ ಹುಳು ಮಗ್ಗುಲಾದಂತೆ ಏನೋ ಅದುರಿತು. ಚಹಾ ಹೆಚ್ಚಾಗಿರಬೇಕು ಎಂದುಕೊಂಡ. ವಾರ ಕಳೆಯುವಷ್ಟರಲ್ಲಿ ಮೀನಖಂಡ ಅದುರತೊಡಗಿತು; ಆಮೇಲೆ ನಾಲಿಗೆ. ಬರೀ ಅದುರಿದರೆ ಹೆದರಬೇಕಿಲ್ಲ, ಜೊತೆಗೆ ಮಾಂಸ ಕರಗಿ ಬಲ ಹೋದರೆ ಉಳಿಗಾಲವಿಲ್ಲ ಎಂದು ಎಷ್ಟೋ ರೋಗಿಗಳಿಗೆ ಅವನೇ ಹೇಳಿದ್ದ. ದಿನಾ ಬೆಳಿಗ್ಗೆ ಟೇಪು ಹಿಡಿದು ಎರಡೂ ಮುಂಗೈ ಅಳೆದ. ಬಲಗೈ ಅರ್ಧ ಸೆಂಟಿಮೀಟರ್ ಇಳಿಯಿತು. ಮತ್ತೆ ಅರ್ಧ.

ಬಿಷ್ಕೆಕ್‌ಗೆ ಓಡಿದ. ಸಹಪಾಠಿ ಮೆಡೆರ್ ಸ್ನಾಯುಗಳಿಗೆ ಸೂಜಿ ಚುಚ್ಚಿ ಯಂತ್ರದ ಸದ್ದು ಕೇಳಿ ನಕ್ಕ. "ಎಲ್ಲಾ ಸರಿಯಾಗಿದೆ ಕಣೋ. ನೀನೇ ಪುಸ್ತಕ ಓದ್ಕೊಂಡು ನೀನೇ ಸಾಯ್ತಿದೀಯ. ಹೋಗು, ಕುಮಿಸ್ ಕುಡ್ದು ಮಲಕ್ಕೋ."

ಸಿರ್ಗಾಕ್ ತನ್ನ ರೋಗಿಗಳ ಮುಂದೆ ನಗುತ್ತಿದ್ದ ನಗುವೇ ಅದು.

ಮರಳಿ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಶಾಲೆಯ ಟೀಚರ್ ಸೈಕಾಲ್ ಕುಳಿತಿದ್ದಳು. ಅವಳ ಬತ್ತಿದ ಬಲಗೈ ಇನ್ನೆಂದೂ ಏಳದು ಎಂದು ಗೊಂಬೆ ಸಿಗುವ ಮೊದಲು ಅವನೇ ಬರೆದುಕೊಟ್ಟಿದ್ದ. ಅದೇ ಕೈಯ ಮುಷ್ಟಿಯಲ್ಲಿ ಅವಳು ಅಕ್ರೋಟ್ ಒಡೆಯುತ್ತಿದ್ದಳು. ಅವನನ್ನು ಕಂಡು ತಲೆ ತಗ್ಗಿಸಿದಳು.

ಮರುದಿನ ಮಧ್ಯಾಹ್ನ ಗುಲ್ಸುನ್ ಅವನನ್ನು, ಕುಯ್ದ ಗೊಂಬೆಯ ಸಮೇತ, ಬುರುಲ್ಚಾಳ ಮನೆಗೆ ಕರೆತಂದು, ಹೊರಗೆ ಹಿಮದಲ್ಲಿ ನಿಂತಳು. ಒಳಗೆ ಕಿಟಕಿಗಳಿಗೆ ಕಂಬಳಿ ಬಿಗಿದಿತ್ತು. ಕಣ್ಣಿಗೆ ಕತ್ತಲೆ, ಗಂಟಲಿಗೆ ಹೊಗೆ.

"ಬಂದ್ಯಾ? ತಮಾಷೆ ಮುಗೀತಾ?"

"ನಾನು ಇದನ್ನೆಲ್ಲ ನಂಬಲ್ಲ ಅಜ್ಜಿ."

"ನಂಬು ಅಂತ ಯಾರು ಕಾಲಿಗ್ ಬಿದ್ರು? ನೀನು ಕುಯ್ದ್ ಮೇಲೆ ಕಾಯ್ಲೆ ಇನ್ನು ಸೇತುವೆ ಮೇಲೆ ಕೂರಲ್ಲ. ನಿನ್ನ ಬಿಟ್ಟು ಹೋಗೋಕೆ ಅದಕ್ಕೆ ಇನ್ನೊಬ್ರ ಹೆಸ್ರೇ ಬೇಕು. ಹೇಳು."

"ಮೆಡೆರ್."

"ದೂರದೋರಿಗೆ, ಆಗದೋರಿಗೆ ಹೋಗಲ್ಲ. ನಿನ್ನ ಜೊತೆ ರೊಟ್ಟಿ ಮುರ್ದೋರು ಬೇಕು."

ಈ ಊರಲ್ಲಿ ಅವನಿಗೆ ರೊಟ್ಟಿ ತಂದು, ಜೊತೆಗೆ ಕೂತು ತಿಂದವಳು ಒಬ್ಬಳೇ. ಚಳಿಗೆ ಅವಳು ಕಾಲು ಬಡಿಯುವ ಸದ್ದು ಬಾಗಿಲಾಚೆ ಕೇಳುತ್ತಿತ್ತು. ಆದರೆ ಓದಿದ ತಲೆಗೆ ನೆವ ಹುಡುಕುವುದು ಎಷ್ಟರ ಕೆಲಸ? ಇದೆಲ್ಲ ಮೂಢನಂಬಿಕೆ. ಸುಳ್ಳಿನ ಮುಂದೆ ಯಾರ ಹೆಸರು ಹೇಳಿದರೇನು, ಯಾರಿಗೇನು ನಷ್ಟ?

ಬಗ್ಗಿದ. ಗೊಂಬೆಯ ಎದೆಗೆ ಬಾಯಿಟ್ಟ. ಉಣ್ಣೆ ಬೆಚ್ಚಗಿತ್ತು. ಹೆಸರು ಹೇಳಿದ. ಉಣ್ಣೆ ಉಸಿರೆಳೆಯಿತು. ನಾಲಿಗೆ ಅದುರುವುದು ನಿಂತಿತು. ಕಾಲು ನಿಂತಿತು. ಕೈ ನಿಂತಿತು. ಮೈಯೆಲ್ಲ ನಿಶ್ಶಬ್ದ.

ಹೊರಗೆ ಬಿಸಿಲು ಕಣ್ಣು ಕುಕ್ಕಿತು.

"ಏನಂದ್ಲು?" ಗುಲ್ಸುನ್ ಕೇಳಿದಳು.

"ಏನಿಲ್ಲ. ಬರೀ ಹೊಗೆ."

"ಕೋಟು ತೆರ್ಕೊಂಡೇ ಬಂದ್ರಲ್ಲ! ಕಾಯ್ಲೆ ಬಿಟ್ರೂ ಚಳಿ ಬಿಡಲ್ಲ ನಿಮ್ಮನ್ನ."

ಅವನ ಬೆರಳಿಗೆ ಬಲ ಸಾಲದೆ ಎರಡು ವಾರದಿಂದ ಮಾಡುತ್ತಿದ್ದಂತೆ ಅವಳೇ ಗುಂಡಿ ಹಾಕತೊಡಗಿದಳು. ಒಂದು. ಎರಡು. ಮೂರನೆಯದಕ್ಕೆ ಹೆಬ್ಬೆರಳು ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು.

"ಅಯ್ಯ, ಬೆರಳಿಗೇನಾಯ್ತು ನನಗೆ?" ಎಂದು ನಕ್ಕಳು.

"ಚಳಿ," ಎಂದ ಸಿರ್ಗಾಕ್.

ಉಳಿದ ಗುಂಡಿಗಳನ್ನು ತಾನೇ ಹಾಕಿಕೊಂಡ.